ಆಫ್‌ಸೈಡ್ ಅಂತ ಕೂಗೋ ಮಹನೀಯರಿಗೆ

ಕಳೆದ ಶನಿವಾರ ಬೆಳಿಗ್ಗೆ ಬೆಂಗಳೂರಿನ ನಮ್ಮ ಮಾಮೂಲಿ ಟರ್ಫಿನಲ್ಲಿ ಮತ್ತೆ ಅದೇ ಜಗಳ. ಐದೈದು ಜನರ ಆಟ. ನಮ್ಮ ಕಡೆ ಒಬ್ಬರು ಅಣ್ಣ ಇದ್ದಾರೆ. ವಯಸ್ಸು ನಲವತ್ತು ದಾಟಿದೆ, ಮಂಡಿನೋವು ಬೇರೆ. ಓಡೋಕಾಗಲ್ಲ ಅಂತ ಎದುರಿನವರ ಗೋಲಿನ ಹತ್ತಿರಾನೇ ನಿಂತಿರ್ತಾರೆ. ಅವತ್ತು ಬಾಲ್ ಕಾಲಿಗೇ ಬಂತು, ಮೆತ್ತಗೆ ಒಳಗೆ ತಳ್ಳಿದ್ರು. ಮೂರು ತಿಂಗಳಲ್ಲಿ ಅವರ ಮೊದಲ ಗೋಲು! ಖುಷಿಗೆ ಕೈ ಎತ್ತೋದ್ರೊಳಗೆ ಆ ಕಡೆಯಿಂದ "ಆಫ್‌ಸೈಡ್! ಆಫ್‌ಸೈಡ್!" ಅಂತ ಬೊಬ್ಬೆ. ಗೋಲು ಕ್ಯಾನ್ಸಲ್. ಅಣ್ಣ "ಇರ್ಲಿ ಬಿಡ್ರಪ್ಪಾ" ಅಂದು ನಕ್ಕರು. ಈ ವಾರ ಬರ್ತೀರಾ ಅಂತ ಕೇಳಿದ್ರೆ ಉತ್ತರಾನೇ ಇಲ್ಲ.

ಅವರು ಬಿಟ್ಟರು, ನನಗೆ ಬಿಡೋಕಾಗ್ತಿಲ್ಲ.

ಮೊದಲನೇದಾಗಿ, ಕೂಗೋರಿಗೆ ನಿಯಮವೇ ಗೊತ್ತಿಲ್ಲ. ಫುಟ್‌ಬಾಲಿನ 11ನೇ ನಿಯಮದ ಪ್ರಕಾರ ಆಫ್‌ಸೈಡ್ ಜಾಗದಲ್ಲಿ ನಿಲ್ಲೋದೇ ತಪ್ಪಲ್ಲ ಸ್ವಾಮಿ. ನಮ್ಮವನೊಬ್ಬ ಬಾಲ್ ಒದ್ದ ಕ್ಷಣದಲ್ಲಿ ನಾನು ಎದುರಾಳಿಯ ಅರ್ಧದಲ್ಲಿದ್ದು, ಬಾಲಿಗಿಂತಲೂ, ಅವರ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಗೋಲ್ ಲೈನಿಗೆ ಹತ್ತಿರ ಇರಬೇಕು. ಆಮೇಲೆ ಆಟಕ್ಕೆ ಕೈ ಹಾಕಿದರೆ (ಅಂದ್ರೆ ಕಾಲು ಹಾಕಿದರೆ :-)) ಮಾತ್ರ ತಪ್ಪು. ಸಮಸಮ ಇದ್ರೆ ತಪ್ಪಿಲ್ಲ, ಅದು 1990ರಿಂದಲೇ ಇದೆ. ಗೋಲ್ ಕಿಕ್, ಥ್ರೋ ಇನ್, ಕಾರ್ನರ್ ಕಿಕ್‌ನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡೇ ಇಲ್ಲ.

ಅಣ್ಣನಿಗೆ ಬಾಲ್ ಬಂದಿದ್ದು ಕಾರ್ನರ್‌ನಿಂದ! ಸ್ಪೆಕ್ ಓದದೇ ಬಗ್ ಹಾಕೋದು ಅಂದ್ರೆ ಇದೇ ನೋಡಿ.

ಅದು ಹಾಗಿರಲಿ. ನನ್ನ ಅಸಲಿ ತಕರಾರು ಬೇರೆ. ಐದೈದು ಜನರ ಆಟಕ್ಕೆ ಈ ನಿಯಮ ಯಾಕೆ ಬೇಕು? ಫಿಫಾದ್ದೇ ಆದ ಫುಟ್ಸಾಲ್‌ನಲ್ಲಿ ಆಫ್‌ಸೈಡ್ ಇಲ್ಲ. ನೂರು ಮೀಟರ್ ಉದ್ದದ ಮೈದಾನದಲ್ಲಿ ಗೆರೆ ನೋಡೋಕಂತಲೇ ಎರಡು ಬದಿಗೂ ಬಾವುಟ ಹಿಡಿದ ಅಸಿಸ್ಟೆಂಟ್ ರೆಫರಿ ಇರ್ತಾರೆ. ಅವರೂ ತಪ್ತಾರೆ ಅಂತ ವಿಡಿಯೋ ನೋಡೋ ಕಾಲ ಬಂತು. ನಮ್ಮ ಟರ್ಫಿನಲ್ಲಿ ಒದ್ದವನ ಕಾಲು, ನಿಂತವನ ಜಾಗ ಎರಡನ್ನೂ ಒಂದೇ ಕ್ಷಣ ನೋಡೋರು ಯಾರು? ಗೋಲು ಬಿಟ್ಟುಕೊಟ್ಟ ಡಿಫೆಂಡರ್!

ಗಲ್ಲಿ ಕ್ರಿಕೆಟ್ಟಲ್ಲಿ ನಾವೆಂದಾದ್ರೂ ಎಲ್‌ಬಿಡಬ್ಲ್ಯು ಇಟ್ಟಿದ್ವಾ? ಇಲ್ಲ. ಯಾಕಂದ್ರೆ ಬ್ಯಾಟಿಂಗ್ ಟೀಮಿನವನೇ ಅಂಪೈರು. ತೀರ್ಪು ಕೊಡೋರಿಲ್ಲದ ನಿಯಮ ಗಂಟಲು ದೊಡ್ಡದಿರೋನ ಪಾಲಾಗುತ್ತೆ ಅಂತ ಹತ್ತು ವರ್ಷದ ಹುಡುಗರಿಗೆ ಗೊತ್ತಿತ್ತು. ಇಂಜಿನಿಯರಿಂಗ್ ಓದಿದ ಮೇಲೆ ಮರೆತುಬಿಟ್ವಿ.

"ಹಾಗಾದ್ರೆ ಎಲ್ಲರೂ ಗೋಲ್ ಮುಂದೆ ಟೆಂಟ್ ಹಾಕ್ತಾರೆ" ಅಂತೀರಾ? ಹಾಕಲಿ ಬಿಡಿ. ಐವರಲ್ಲಿ ಒಬ್ಬ ಅಲ್ಲಿ ನಿಂತ್ರೆ ಹಿಂದೆ ಉಳಿಯೋದು ಗೋಲಿ ಸೇರಿ ನಾಲ್ಕೇ ಜನ. ಅಣ್ಣ ಮುಂದೆ ನಿಂತಿದ್ದಕ್ಕೆ ಅವತ್ತು ನಾವು ಮೂರು ಗೋಲು ತಿಂದ್ವಿ. ಆಗ ಯಾರೂ "ಪಾಪ, ನಿಮ್ಮವರು ಹಿಂದೆ ಬರ್ಲಿ" ಅಂತ ಕೂಗಲಿಲ್ಲ.

ಅಷ್ಟಕ್ಕೂ ಕಿರಿಕಿರಿ ಆದ್ರೆ ಆಟಕ್ಕೆ ಮುಂಚೆ ಮಾತಾಡಿ. ಗೋಲ್ ಮುಂದೆ ಒಂದು ಗೆರೆ ಇಟ್ಕೊಂಡು, ಬಾಲ್ ಒಳಗಿಲ್ಲದಾಗ ಎದುರಿನವರು ಅಲ್ಲಿ ನಿಲ್ಲಬಾರದು ಅಂದ್ರೆ ಸಾಕು. ಗೋಲಾದ ಮೇಲೆ ನಿಯಮ ಹುಟ್ಟಿಸಬೇಡಿ. ದೊಡ್ಡ ಮೈದಾನದಲ್ಲಿ ಹನ್ನೊಂದು ಜನ ಆಡೋದಾದ್ರೆ ಆಫ್‌ಸೈಡ್ ಬೇಕೇ ಬೇಕು, ಒಪ್ಪಿದೆ. ಆದ್ರೆ ಹೊರಗೆ ಕೂತಿರೋ ಒಬ್ಬನ ಕೈಗೆ ಟವೆಲ್ ಕೊಟ್ಟು ಗೆರೆ ಪಕ್ಕ ನಿಲ್ಲಿಸಿ. ಅವನು ಎತ್ತಿದ್ರೆ ಆಫ್‌ಸೈಡ್, ಇಲ್ಲಾಂದ್ರೆ ಗೋಲು.

ವಾರವಿಡೀ ಕುರ್ಚಿಗೆ ಅಂಟಿಕೊಂಡಿರೋ ನಾವು ಅಲ್ಲಿಗೆ ಹೋಗೋದು ಒಂದು ಗಂಟೆ ನಗೋಕೆ. ಓಡೋಕಾಗದವನಿಗೂ ಅಲ್ಲಿ ನಿಲ್ಲೋಕೆ ಒಂದು ಜಾಗ ಇರಲಿ.

ನಿಮ್ಮ ಕಡೆ ಹೇಗೆ ಆಡ್ತೀರಿ, ಹೇಳಿ. ನಾನೀಗ ಅಣ್ಣನಿಗೆ ಫೋನ್ ಮಾಡ್ಬೇಕು...