ಹೊಸ್ತಿಲ ಮುಂದೆ ನಿಲ್ಲುವ ಕಾಲು

ನಿಟ್ಟೂರಿನ ಸುತ್ತಲಿನ ತೆಂಗು, ಅಡಿಕೆ ತೋಟಗಳಲ್ಲಿ ದುಡಿದ ಹಿರಿಯರು ಅರವತ್ತು ದಾಟಿದರೂ ತೋಟದ ಹಾದಿ ಬಿಡುವವರಲ್ಲ. ಅಂಥವರ ಹೆಜ್ಜೆ ಕಿರಿದಾಗಿ, ನಡೆಯುವಾಗ ಒಂದು ಕೈ ಬೀಸುವುದು ನಿಂತು, ಬೆನ್ನು ಮುಂದಕ್ಕೆ ಬಾಗಿದರೆ ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ಅದು ಕಂಪವಾತವೂ ಇರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ರೋಗಕ್ಕೆ ನಿಂತಿತು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಒದಗಿಸುವ ಜೀವಕೋಶಗಳು ನಶಿಸುವುದು ಇದರ ಮೂಲ. ಕೈನಡುಕ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಸೊಂಟದ ಮೂಳೆ ಮುರಿಯುವಂತೆ ಕೆಡಹುವುದು ನಡುಕವಲ್ಲ, ತಪ್ಪಿದ ಸಮತೋಲನ.

ಲೆವೊಡೋಪಾ ಮಾತ್ರೆ ಬಿಗಿತವನ್ನೂ ನಿಧಾನಗತಿಯನ್ನೂ ಚೆನ್ನಾಗಿ ತಗ್ಗಿಸುತ್ತದೆ. ಸಮತೋಲನದ ವಿಷಯದಲ್ಲಿ ಅದರ ನೆರವು ಅಷ್ಟಕ್ಕಷ್ಟೆ. ಅದಕ್ಕೆ ಅಭ್ಯಾಸವೇ ಬೇಕು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 195 ರೋಗಿಗಳು ವಾರಕ್ಕೆರಡು ಬಾರಿಯಂತೆ 24 ವಾರ ವ್ಯಾಯಾಮ ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಬರಿಯ ಮೈಸೆಳೆತದ ವ್ಯಾಯಾಮ ಮಾಡಿದವರಿಗಿಂತ ಚೀನಾದ ತೈ ಚಿ ಅಭ್ಯಾಸ ಮಾಡಿದವರು ಬಿದ್ದದ್ದು ಕಡಿಮೆ. ನಮ್ಮ ಹಳ್ಳಿಗಳಲ್ಲಿ ತೈ ಚಿ ಕಲಿಸುವವರನ್ನು ಎಲ್ಲಿ ಹುಡುಕೋಣ? ಅದರ ತಿರುಳು ಮಾತ್ರ ಸರಳ: ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ, ಎಚ್ಚರದಿಂದ ವರ್ಗಾಯಿಸುವುದು.

ಗೋಡೆಗೆ ಒತ್ತಿಟ್ಟ ಭಾರವಾದ ಕುರ್ಚಿಯ ಬೆನ್ನು ಹಿಡಿದು ನಿಂತು ಹೀಗೆ ಭಾರ ಬದಲಿಸಬಹುದು. ಬಳಿಕ ಮುಂದಕ್ಕೆ, ಪಕ್ಕಕ್ಕೆ ಒಂದೊಂದು ದೊಡ್ಡ ಹೆಜ್ಜೆ. ಕುರ್ಚಿಯಿಂದ ಏಳುವುದು, ಕೂರುವುದು ಕೂಡ ಒಳ್ಳೆಯ ಅಭ್ಯಾಸವೇ. ಮಾತ್ರೆಯ ಗುಣ ಚೆನ್ನಾಗಿ ಹಿಡಿದ ಹೊತ್ತಿನಲ್ಲೇ ಮಾಡಿಸಬೇಕು. ಒಬ್ಬರು ಪಕ್ಕದಲ್ಲಿ ತುಸು ಹಿಂದಕ್ಕೆ ನಿಂತಿರಬೇಕು, ಏಕೆಂದರೆ ಈ ರೋಗಿಗಳು ಹಿಂದಕ್ಕೂ ಬೀಳಬಹುದು. ಮೊದಲು ನರರೋಗ ತಜ್ಞರೂ ಫಿಸಿಯೋಥೆರಪಿ ಬಲ್ಲವರೂ ನೋಡಿ ಹೇಳಲಿ. ರೈಲು ಹಾದಿಯಲ್ಲೇ ಇರುವ ನಿಟ್ಟೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಎಟುಕದ ದೂರವೇನಲ್ಲ.

ಇನ್ನು ಹೊಸ್ತಿಲ ಮಾತು. ಬಯಲಿನಲ್ಲಿ ನೆಟ್ಟಗೆ ನಡೆಯುವವರು ಬಾಗಿಲ ಬಳಿ ಬಂದೊಡನೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಇದು ಹಟವಲ್ಲ, ರೋಗದ ಲಕ್ಷಣ. ಕೈಹಿಡಿದು ಎಳೆದರೆ ಮೈ ಮುಂದೆ ಬಂದು ಕಾಲು ಹಿಂದೆಯೇ ಉಳಿದು ಮುಗ್ಗರಿಸುತ್ತಾರೆ. ‘ನಿಲ್ಲಿ, ಉಸಿರು ಬಿಡಿ, ಒಂದು ಕಾಲಿಗೆ ಭಾರ ಹಾಕಿ, ಇನ್ನೊಂದನ್ನು ದೊಡ್ಡದಾಗಿ ಎತ್ತಿಡಿ’ ಎಂದು ಮೆಲ್ಲಗೆ ಹೇಳಬೇಕು. ಒಂದು, ಎರಡು ಎಂದು ಎಣಿಸಿದರೂ, ತಾಳ ತಟ್ಟಿದರೂ ಹೆಜ್ಜೆ ಏಳುವುದುಂಟು. ನೆಲದ ಮೇಲೆ ಅಡ್ಡಡ್ಡ ಬಿಳಿ ಗೆರೆಗಳನ್ನು ಬಣ್ಣದಲ್ಲಿ ಬಳಿದರೆ ಅವನ್ನು ದಾಟುತ್ತ ನಡೆಯುವುದು ಹಲವರಿಗೆ ಸುಲಭ. ರಂಗೋಲಿ ಪುಡಿ ಬೇಡ, ಜಾರುತ್ತದೆ.

ನಡೆಯುವಾಗ ಅವರ ಕೈಗೆ ನೀರಿನ ಚೊಂಬು ಕೊಡಬೇಡಿ, ಮಾತಿಗೂ ಎಳೆಯಬೇಡಿ. ಗಮನ ಎರಡು ಕಡೆ ಹಂಚಿದರೆ ಹೆಜ್ಜೆ ತಪ್ಪುತ್ತದೆ. ನಿಂತಲ್ಲೇ ಗಿರಕ್ಕನೆ ತಿರುಗದೆ ಅಗಲವಾಗಿ ಸುತ್ತಿ ತಿರುಗಲಿ. ಮಣೆಯ ಮೇಲೆ ಕುಳಿತು ಏಳಲಾಗದವರು ಇಷ್ಟಲಿಂಗಪೂಜೆಯನ್ನು ಕುರ್ಚಿಯಲ್ಲಿ ಕುಳಿತೇ ಮಾಡಲಿ, ಅದರಲ್ಲಿ ಸಂಕೋಚವೇಕೆ? ಎದ್ದೊಡನೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದರಿಂದ, ಎದ್ದು ಕೊಂಚ ನಿಂತು ನಡೆಯಬೇಕು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆಯೆಂಬುದು ನಿಜ. ಆದ ಕಾರಣವೇ ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆ ಅದನ್ನು ಸೇವಿಸಕೂಡದು.

ಬಿದ್ದದ್ದನ್ನು ಹಿರಿಯರು ಮುಚ್ಚಿಡುವುದೇ ಹೆಚ್ಚು. ಗದರದೆ ಕೇಳಿ, ಬಿದ್ದ ದಿನ, ಜಾಗ, ಮಾತ್ರೆ ನುಂಗಿದ ವೇಳೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಬಳಿ ಒಯ್ಯಿರಿ.