ಗಡಿಯಾರದ ಮುಂದಿನ ಪೂಜೆ

“ದೇವರಿಗೆ ಕೈ ಮುಗಿಯಲೂ ಪುರುಸೊತ್ತಿಲ್ಲ” ಎಂಬ ಮಾತನ್ನು ಒಂದಿಲ್ಲೊಂದು ದಿನ ನಾವೆಲ್ಲರೂ ಆಡಿದವರೇ. ಆಡುವಾಗ ದನಿಯಲ್ಲಿ ತುಸು ವಿಷಾದವಿರುತ್ತದೆ. ಅದಕ್ಕಿಂತ ತುಸು ಹೆಚ್ಚಾಗಿಯೇ ಹೆಮ್ಮೆಯೂ ಇರುತ್ತದೆ. ಬಿಡುವಿಲ್ಲದವನೇ ದೊಡ್ಡ ಮನುಷ್ಯನೆಂದಲ್ಲವೇ ಲೋಕದ ಎಣಿಕೆ?

ಆದರೆ ನಿಜವಾಗಿ ದೊಡ್ಡವನಾಗಿದ್ದವನೊಬ್ಬನು ಈ ವಿಷಯದಲ್ಲಿ ಏನು ಹೇಳಿದನೆಂಬುದು ನಮ್ಮ ಕೊಪ್ಪಳದಲ್ಲಿಯೇ ಬಂಡೆಗಲ್ಲಿನ ಮೇಲೆ ಉಳಿದಿದೆ. ಗವಿಮಠದ ಗುಡ್ಡದ ಮೇಲಿನ ಅಶೋಕನ ಶಾಸನವೂ, ಸಮೀಪದ ಪಾಲ್ಕಿಗುಂಡಿನ ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿಯ ಆ ಪ್ರಾಕೃತ ಬರೆಹದಲ್ಲಿ ಚಕ್ರವರ್ತಿಯು ತನ್ನ ದಿಗ್ವಿಜಯಗಳನ್ನು ಹಾಡಿಕೊಂಡಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾದರೂ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇ ಮಾಡಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಪ್ರಯತ್ನಪಟ್ಟರೆ ಫಲವು ಹಿರಿಯರಿಗಷ್ಟೇ ಅಲ್ಲ, ಕಿರಿಯರಿಗೂ ದಕ್ಕುವುದೆಂದು ಸಾರಿದ್ದಾನೆ. ಅದು ಧರ್ಮಸಾಧನೆಯ ಮಾತೇ ಹೊರತು ಪ್ರಾರ್ಥನೆಯ ಮಾತಲ್ಲ, ನಿಜ. ಆದರೂ ಸಾಮ್ರಾಜ್ಯವನ್ನು ಆಳುತ್ತಿದ್ದವನು ಪುರುಸೊತ್ತಿನ ನೆವವನ್ನು ಹೇಳಲಿಲ್ಲವೆಂಬುದನ್ನು ನೆನೆದಾಗ ನಮ್ಮ ನೆವ ಬಲು ಚಿಕ್ಕದಾಗಿ ಕಾಣುತ್ತದೆ.

ಅರಸನ ಮಾತು ಹಾಗಿರಲಿ. ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬಾಳಿದವರು. ಅವರ ವಚನಗಳೆಲ್ಲ ‘ಅಮರೇಶ್ವರಲಿಂಗ’ನನ್ನು ಹೆಸರು ಹಿಡಿದು ಕರೆಯುತ್ತವೆ. ದೇವರೊಡನೆ ಮಾತನಾಡಲು ಅವರು ಕಾಯಕದ ಆಚೆಗೆ ಬೇರೊಂದು ಹೊತ್ತನ್ನು ಹುಡುಕಲಿಲ್ಲ.

ನನ್ನ ಕಥೆಯಾದರೋ ಬೇರೆ. ಎಷ್ಟೋ ವರ್ಷ ನಾನು ಪೂಜೆಯನ್ನು ತಪ್ಪಿಸಿದವನಲ್ಲ. ಸ್ತೋತ್ರ ತುಟಿಯ ಮೇಲೆ. ಕಣ್ಣು ಗೋಡೆಯ ಗಡಿಯಾರದ ಮೇಲೆ. ಮನಸ್ಸು ಬಸ್ ನಿಲ್ದಾಣದಲ್ಲಿ. ತಾಯಿ ಹಾಸಿಗೆ ಹಿಡಿದಾಗ ದಿನವೂ ಸಂಜೆ ಅವಳ ಬಳಿ ಕುಳಿತುಕೊಳ್ಳುವ ನಿಯಮವನ್ನೂ ಇಟ್ಟುಕೊಂಡೆ. ಒಂದು ಸಂಜೆ ಅವಳು ನಕ್ಕು ಹೇಳಿದಳು: “ನೀ ದೇವರ ಮುಂದ ಕುಂತಂಗ ನನ್ನ ಮುಂದೂ ಕುಂತೀಯಪ್ಪಾ, ಗಡಿಯಾರ ನೋಡಿಕೋಂತ.”

ಅದರಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ಇಂದಿಗೂ ನೋಯಿಸುತ್ತದೆ. ನಾನು ದೇವರಿಗೂ ತಾಯಿಗೂ ಹೊತ್ತನ್ನು ಕೊಟ್ಟಿದ್ದೆ, ನನ್ನನ್ನು ಕೊಟ್ಟಿರಲಿಲ್ಲ. ಮರುದಿನ ಕೈಗಡಿಯಾರವನ್ನೂ ಮೊಬೈಲನ್ನೂ ಹೊರಗಿಟ್ಟು ಅವಳ ಬಳಿ ಕುಳಿತೆ. ಅವಳು ತನ್ನ ತವರಿನ ಬಾವಿ, ಬೀಸುವ ಕಲ್ಲು, ಗವಿಸಿದ್ಧಪ್ಪನ ಜಾತ್ರೆ ಎಲ್ಲವನ್ನೂ ಹೇಳಿದಳು. ಅಂತಹ ಸಂಜೆಗಳು ಹೆಚ್ಚು ದಿನ ಉಳಿಯಲಿಲ್ಲ.

ಈಗ ಬೆಳಗಿನ ಹತ್ತು ನಿಮಿಷ ದೇವರ ಮುಂದೆಯೂ ಹಾಗೆಯೇ ಕುಳಿತುಕೊಳ್ಳುತ್ತೇನೆ. ಸ್ತೋತ್ರ ಮುಗಿದ ಮೇಲೆ ಮನೆಮಾತಿನಲ್ಲಿಯೇ ಆ ದಿನದ ಅಂಜಿಕೆಯನ್ನೂ ಹಿಂದಿನ ದಿನದ ತಪ್ಪನ್ನೂ ಹೇಳಿಕೊಳ್ಳುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ಉತ್ತರ ಬರುವುದೇ ಎಂದು ನೀವು ಕೇಳಬಹುದು. ಕಿವಿಗೆ ಏನೂ ಕೇಳಿಸುವುದಿಲ್ಲ. ಆದರೆ ಎದ್ದು ಹೊರಬಂದಾಗ ಮನೆಯವರ ಮಾತನ್ನು ಕೊನೆಯವರೆಗೆ ಕೇಳುವಷ್ಟು ತಾಳ್ಮೆ ಉಳಿದಿರುತ್ತದೆ.

ನಾಳೆ ಬೆಳಗ್ಗೆ ನೀವೂ ಒಮ್ಮೆ ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತು ನೋಡಿರಿ.