ಮೂರನೇ ಬೇರಿಂಗ್ ಹಾಕಿಸೋಕೆ ಮುಂಚೆ ಟೇಪು ಹಿಡಿದು ನೋಡಿ

ಒಂದೇ ಚಕ್ರದ ಬೇರಿಂಗ್ ಮತ್ತೆ ಮತ್ತೆ ಹೋಗ್ತಿದ್ರೆ ತಪ್ಪು ಬೇರಿಂಗಿನದ್ದಲ್ಲ. ಅದು ಕೂತಿರೋ ಜಾಗದ್ದು. ಇಷ್ಟು ಹೇಳೋಕೆ ಈ ಉದ್ದದ ಬರಹ, ಪುರಸೊತ್ತಲ್ಲಿ ಓದಿ.

ನಮ್ಮ ಸುತ್ತಮುತ್ತ ಇನ್ನೂ ಎಷ್ಟು ಓಮ್ನಿ ಓಡ್ತಾ ಇದಾವೆ ಅಂತ ಎಲ್ರಿಗೂ ಗೊತ್ತು. ಡೈರಿಗೆ ಹಾಲು, ಮಂಡಿಗೆ ಅಡಿಕೆ, ಶಾಲೆಗೆ ಮಕ್ಕಳು, ಎಲ್ಲ ಅದರಲ್ಲೇ. 2019ರಲ್ಲಿ ಅದರ ತಯಾರಿಕೆ ನಿಂತಿತು. ಅಂದ್ರೆ ನಮ್ಮ ಕೈಲಿರೋದೆಲ್ಲ ಇನ್ನು ಹಳೇ ಗಾಡಿನೇ. ಹಿಂದಿನ ಆಕ್ಸಲ್ ತಕರಾರು ಇವತ್ತು ನಮ್ಮ ಮನೇಲಿ, ನಾಳೆ ನಿಮ್ಮ ಮನೇಲಿ.

ನಮ್ಮದು 2007ರದ್ದು, ನಾವು ತಗೊಂಡಾಗಲೇ ಮೂರನೇ ಕೈ. ಹದಿನಾಲ್ಕು ತಿಂಗಳಲ್ಲಿ ಬಲಗಡೆ ಹಿಂದಿನ ಬೇರಿಂಗ್ ಎರಡು ಸಲ ಬದಲಾಯ್ತು. ಅದೇ ಗುಂಯ್ ಶಬ್ದ ಮತ್ತೆ ಶುರುವಾದಾಗ ಪೇಟೆ ಗ್ಯಾರೇಜಲ್ಲಿ ಎರಡು ದಾರಿ ಹೇಳಿದ್ರು. ಒಂದು, ಹೊಸ ಬೇರಿಂಗ್ ಹಾಕಿ ಅದರ ಕಾಲರಿಗೆ ನಾಲ್ಕು ಚುಕ್ಕಿ ವೆಲ್ಡಿಂಗ್ ಇಡೋದು. ಇನ್ನೊಂದು, ಗುಜರಿಯಿಂದ ಇಡೀ ಆಕ್ಸಲ್ ತಂದು ಕೂರಿಸೋದು, ಕೂಲಿ ಸೇರಿ 19,000. ಚಕ್ರ ಎತ್ತಿ ನೋಡದೆ ಬರೀ ಶಬ್ದ ಕೇಳಿ ಹೇಳಿದ ರೇಟು ಅದು. ಎರಡಕ್ಕೂ ನಾನು ಒಪ್ಪಲಿಲ್ಲ.

ಶಬ್ದದಿಂದ ಏನೂ ತಿಳಿಯೋದಿಲ್ಲ ಅಂತಲ್ಲ. ಆಕ್ಸಿಲರೇಟರ್ ಒತ್ತಿದ್ರೂ ಬಿಟ್ರೂ ಒಂದೇ ಥರ ಇದ್ದು, ಸ್ಪೀಡಿನ ಜೊತೆ ಮಾತ್ರ ಏರಿಳಿಯೋ ಗೊರಗೊರ ಆದ್ರೆ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗುವಾಗ ಭಾರ ಬಲಚಕ್ರಕ್ಕೆ ಬೀಳುತ್ತೆ, ಆಗ ಶಬ್ದ ಜಾಸ್ತಿಯಾದ್ರೆ ಬಲಗಡೆದು. ಕಾಲು ಒತ್ತಿದಾಗ ಒಂಥರಾ, ಬಿಟ್ಟಾಗ ಇನ್ನೊಂಥರಾ ಕೂಗಿದ್ರೆ ಕ್ರೌನ್ ಪಿನಿಯನ್ ಕಡೆ ನೋಡಬೇಕು. ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಅಂದ್ರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಅಲ್ಲಾಡಿಸಿ. ಇನ್ನು ಏರುಪೇರಾಗಿ ಸವೆದ ಟೈರು ಬೇರಿಂಗ್ ಥರಾನೇ ಕೂಗುತ್ತೆ ಮಾರಾಯ್ರೆ! ಹಿಂದಿನ ಟೈರು ಮುಂದೆ ಹಾಕಿ ಒಂದು ಸುತ್ತು ಹೋಗಿ ಬನ್ನಿ, ಕಾಸು ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಗಾಡಿ ಎತ್ತಬೇಕು. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಯಾಕಂದ್ರೆ ಹಿಂದಿನ ಚಕ್ರ ಮೇಲಿದ್ದಾಗ ಹ್ಯಾಂಡ್‌ಬ್ರೇಕ್ ಇದ್ದರೂ ಪ್ರಯೋಜನ ಇಲ್ಲ. ಜಾಕ್ ನಂಬಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಲ್ಲಾ ದಪ್ಪ ಹಲಸಿನ ತುಂಡು ಇಡಿ. ಟೈರಿನ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಚಕ್ರ ಕೈಯಿಂದ ತಿರುಗಿಸ್ತಾ ಇನ್ನೊಂದು ಕೈ ಸ್ಪ್ರಿಂಗ್ ಪ್ಲೇಟಿನ ಮೇಲಿಟ್ರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೇ ಸಿಗುತ್ತೆ.

ಆಯಿಲ್ ಬಿಚ್ಚಿ ನೋಡದೆ ಯಾವ ತೀರ್ಮಾನವೂ ಬೇಡ. ಬೂದಿಯಂಥ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗೋ ಚೂರು ಬಂದ್ರೆ ಒಳಗೆ ಹಲ್ಲೋ ಬೇರಿಂಗೋ ಒಡೆದಿದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಹೋಗಿದೆ. ಇದು ನಮ್ಮ ಮಲೆನಾಡಿನ ಕಾಯಿಲೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ನೀರಿಗೆ ಇಳಿದ ಕೂಡ್ಲೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತೆ. ಮೇಲಿನ ಬ್ರೀದರ್ ಮಣ್ಣು ತುಂಬಿ ಕಟ್ಟಿದ್ರೆ ಆ ಗಾಳಿ ಎಲ್ಲಿಂದ ಬರಬೇಕು? ಸೀಲ್ ಸಂದಿಯಿಂದ ನೀರನ್ನೇ ಎಳ್ಕೊಳುತ್ತೆ. ಮಳೆಗಾಲಕ್ಕೆ ಮುಂಚೆ ಆ ಪುಟ್ಟ ಬ್ರೀದರ್ ಬಿಚ್ಚಿ ತೊಳೆಯೋರು ನೂರಕ್ಕೆ ಒಬ್ಬರೂ ಇಲ್ಲ.

ನಮ್ಮದರಲ್ಲಿ ಆಯಿಲ್ ಚೆನ್ನಾಗಿತ್ತು, ಕ್ರೌನ್ ಹಲ್ಲೂ ಸರಿ ಇತ್ತು. ಆದ್ರೆ ಬಲಗಡೆ ಟೈರಿನ ಒಳಮೈ ಮಾತ್ರ ಬೋಳಾಗಿತ್ತು. ಟೇಪು ತಂದೆ. ಎರಡೂ ಹಿಂದಿನ ಟೈರಿನ ನಡುವೆ, ಆಕ್ಸಲ್ ಎತ್ತರದಲ್ಲಿ, ಮುಂಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆದೆ. ಗಾಡಿಯನ್ನ ತಳ್ಳಿ ಚಕ್ರ ಅರ್ಧ ಸುತ್ತು ಉರುಳಿಸಿ, ಅದೇ ಗುರುತು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆದೆ. ನೇರ ಇರೋ ಆಕ್ಸಲಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬರಬೇಕು. ನಮಗೆ ಬಂದ ವ್ಯತ್ಯಾಸ 8 ಮಿಲಿಮೀಟರ್. ಹೌಸಿಂಗೇ ಬಗ್ಗಿತ್ತು. ಯಾರ ಕೈಲಿದ್ದಾಗ ಯಾವ ಮೋರಿಗೆ ಇಳಿದಿತ್ತೋ. ಅದರಲ್ಲಿ ಎಷ್ಟು ಬೇರಿಂಗ್ ಹಾಕಿದ್ರೂ ಅಷ್ಟೆ, ಓರೆಯಾಗೇ ತಿರುಗಿ ಸಾಯುತ್ತೆ.

ಈಗ ವೆಲ್ಡಿಂಗ್ ವಿಷಯ. ನನಗೆ ನಿಜವಾಗ್ಲೂ ಸಿಟ್ಟಿರೋದು ಇದರ ಮೇಲೆ. ಲಾರಿಗಳಲ್ಲಿ ಭಾರ ಹೊರೋದು ಹಬ್ಬು, ಒಳಗಿನ ಶಾಫ್ಟ್ ತಿರುಗಿಸೋ ಕೆಲಸ ಮಾತ್ರ ಮಾಡುತ್ತೆ. ಶಾಫ್ಟ್ ಮುರಿದ್ರೂ ಚಕ್ರ ಜಾಗದಲ್ಲೇ ಇರುತ್ತೆ. ಓಮ್ನಿಯಲ್ಲಿ ಹಾಗಲ್ಲ. ಚಕ್ರ ಶಾಫ್ಟಿನ ತುದಿಗೇ ಬೋಲ್ಟ್ ಆಗಿರುತ್ತೆ, ಆ ಶಾಫ್ಟನ್ನ ಹಿಡಿದಿರೋದು ಬೇರಿಂಗ್ ಮತ್ತು ಪ್ರೆಸ್ ಮಾಡಿ ಕೂರಿಸಿದ ಆ ಒಂದು ಕಾಲರ್. ವೆಲ್ಡಿಂಗ್ ಬಿಸಿಗೆ ಗಟ್ಟಿ ಉಕ್ಕಿನ ಹದ ಕೆಡುತ್ತೆ, ಚುಕ್ಕಿ ಇಟ್ಟ ಜಾಗದಿಂದಲೇ ಬಿರುಕು ಶುರು. ಮುರಿದ್ರೆ ಚಕ್ರ, ಡ್ರಮ್, ಶಾಫ್ಟಿನ ತುಂಡು ಎಲ್ಲ ಒಟ್ಟಿಗೆ ಹೊರಗೆ. ಆ ಗಾಡೀಲಿ ಬೆಳಗ್ಗೆ ಹೋಗೋರು ಯಾರು ಅಂತ ನೆನಪಿರಲಿ. ಕಾಲರ್ ಸಡಿಲ ಇದ್ರೆ ಶಾಫ್ಟ್ ಸವೆದಿದೆ ಅಂತ ಅರ್ಥ, ಶಾಫ್ಟೇ ಬದಲಾಗಬೇಕು. ಹಳೇ ಕಾಲರ್ ಮತ್ತೆ ಬಳಸಬಾರದು. ಗ್ರೈಂಡರಲ್ಲಿ ಮುಕ್ಕಾಲು ಭಾಗ ತೇದು ಉಳಿ ಇಟ್ಟು ಒಡೀಬೇಕು, ಶಾಫ್ಟಿಗೆ ಗೀರು ಬೀಳಬಾರದು. ಹೊಸದನ್ನ ಪ್ರೆಸ್ಸಲ್ಲೇ ಕೂರಿಸಬೇಕು, ಸುತ್ತಿಗೇಲಿ ಬಡಿಯೋದಲ್ಲ.

ಇಡೀ ಆಕ್ಸಲ್ ಯಾಕೆ ಬೇಡ ಅಂದೆ ಅಂದ್ರೆ, ಓಮ್ನಿಯ ಕ್ರೌನ್ ಪಿನಿಯನ್ ಸೆಟ್ ಹೌಸಿಂಗಿನ ಮುಂಭಾಗದಿಂದ ಹಾಗ್ಹಾಗೇ ಒಂದೇ ತುಂಡಾಗಿ ಬಿಚ್ಚಿ ಬರುತ್ತೆ. ನಮ್ಮ ಸೆಟ್ ಚೆನ್ನಾಗಿರುವಾಗ ಗುಜರಿಯ ಅಪರಿಚಿತ ಸೆಟ್ ಯಾಕೆ? ಖಾಲಿ ಹೌಸಿಂಗ್ ಮಾತ್ರ ತಂದೆ. ಅಲ್ಲೇ ಬೇರಿಂಗ್ ಕೂರೋ ಜಾಗ ಬೆರಳಾಡಿಸಿ ನೋಡಿ, ಬಿಲ್ ಹಾಕಿಸ್ಕೊಂಡು ಬಂದೆ. ಬಿಲ್ ಇಲ್ಲದ ಮಾಲು ಎಷ್ಟು ಅಗ್ಗ ಆದ್ರೂ ಬೇಡ, ಯಾವ ಕದ್ದ ಗಾಡಿದೋ ಯಾರಿಗೆ ಗೊತ್ತು. ಇಡೀ ಆಕ್ಸಲ್ಲೇ ತರೋರು ಹಲ್ಲಿನ ಲೆಕ್ಕ ನೋಡ್ಕೊಳಿ: ಒಂದು ಚಕ್ರ ಬಿಗಿ ಹಿಡಿದು ಇನ್ನೊಂದನ್ನ ಎರಡು ಸುತ್ತು ತಿರುಗಿಸಿದಾಗ ಮುಂದಿನ ಫ್ಲಾಂಜ್ ಎಷ್ಟು ಸುತ್ತು ಬರುತ್ತೋ ಅದೇ ರೇಷಿಯೋ. ನಿಮ್ಮ ಹಳೇದಕ್ಕೂ ಅದಕ್ಕೂ ಒಂದೇ ಬರಬೇಕು.

ಎರಡೂ ಕಡೆ ಹೊಸ ಬೇರಿಂಗ್, ಸೀಲ್, ಕಾಲರ್, ಯು ಬೋಲ್ಟ್, ಆಯಿಲ್ ಕುಡಿದಿದ್ದ ಬ್ರೇಕ್ ಲೈನರ್ (ಪೆಟ್ರೋಲಲ್ಲಿ ತೊಳೆದು ಹಾಕೋದು ಬರೀ ಸಮಾಧಾನಕ್ಕೆ), 90 ಗ್ರೇಡ್ ಆಯಿಲ್, ಹೌಸಿಂಗ್, ಕೂಲಿ ಎಲ್ಲ ಸೇರಿ 11,400 ಬಿತ್ತು. ಬ್ರೇಕ್ ಪೈಪು ಬಿಚ್ಚಿರೋದ್ರಿಂದ ಏರ್ ತೆಗೆಸಲೇಬೇಕು.

ಇಷ್ಟು ದುಡ್ಡು ಹಾಕೋ ಬದಲು ಗಾಡಿ ಕೊಟ್ಟು ಹೊಸದು ತಗೊಳ್ಳಿ ಅಂತ ಮಗ ಹೇಳಿದ. ತಳದ ಪ್ಲೇಟು ತುಕ್ಕು ಹಿಡಿದಿದ್ರೆ ನಾನೂ ಒಪ್ತಿದ್ದೆ. ಬಾಡಿ, ಇಂಜಿನ್ ಗಟ್ಟಿ ಇರುವಾಗ 11,400ಕ್ಕೆ ಬೇರೆ ಯಾವ ಗಾಡಿ ಬರುತ್ತೆ ಹೇಳಿ.

ಈಗ 1,000 ಕಿಲೋಮೀಟರ್ ಓಡಿದೆ. 500ಕ್ಕೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿದಾಗ ಕಾಲು ಸುತ್ತು ತಿರುಗಿತು, ಅದು ಎಲ್ಲರೂ ಮರೆಯೋ ಕೆಲಸ. ಟೇಪಿಗೆ ಈಗ ಒಂದು ಮಿಲಿಮೀಟರ್ ವ್ಯತ್ಯಾಸ ಬರ್ತಿದೆ. ಶಾಫ್ಟ್ ಹೊರಗೆಳೆಯೋಕೆ ಲೇತಲ್ಲಿ ಒಂದು ಜಾರುಸುತ್ತಿಗೆ ಮಾಡಿಸಿದ್ದೆ, ಕೊಟ್ಟಿಗೆಯಲ್ಲಿದೆ. ಬೇಕಾದೋರು ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ತಂದಿಡಿ.